ಸಾಮೂಹಿಕ ದೂರು: ಹೆಸರು ಬರೆಸುವ ಮುಂಚೆ

(ಮಂಗಳೂರಿನಲ್ಲಿ ಫ್ಲ್ಯಾಟ್ ಕೊಂಡವರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಬಿಜೈಯಿಂದ, ಸುರತ್ಕಲ್‌ನಿಂದ, ತೊಕ್ಕೊಟ್ಟಿನಿಂದ ಬಂದಿದ್ದೀರಿ. ದುಡ್ಡು ಕೊಟ್ಟಾಗಿದೆ, ಮನೆ ಸಿಕ್ಕಿಲ್ಲ. ‘ಎಲ್ಲರೂ ಸೇರಿ ಒಂದೇ ಕೇಸ್ ಹಾಕಿದ್ರೆ ಆಗುದಿಲ್ವಾ?’ ಅಂತ ಬಾಗಿಲಲ್ಲೇ ಒಬ್ಬರು ಕೇಳಿದರು. ಆಗುತ್ತದೆ ಮಾರಾಯ್ರೆ. ಆದರೆ ‘ಎಲ್ಲರೂ’ ಅಂದರೆ ಯಾರು ಅನ್ನುವಲ್ಲಿಯೇ ಕೇಸು ಎಡವುವುದು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 35ನೇ ಸೆಕ್ಷನ್ ನೋಡಿ. ಒಂದೇ ಹಿತಾಸಕ್ತಿ ಇರುವ ಎಲ್ಲರ ಪರವಾಗಿ ಒಬ್ಬರೋ ಕೆಲವರೋ ದೂರು ಕೊಡಬಹುದು. ಗ್ರಾಹಕ ಆಯೋಗದ ಅನುಮತಿ ಬೇಕು. ಅನುಮತಿ ಸಿಕ್ಕರೆ ಉಳಿದವರಿಗೆ ನೋಟಿಸ್ ಹೋಗುತ್ತದೆ. ಜನ ಜಾಸ್ತಿ ಇದ್ದರೆ ಪೇಪರಿನಲ್ಲಿ ಜಾಹೀರಾತು ಬರುತ್ತದೆ. ಆ ಸಣ್ಣ ಅಕ್ಷರವನ್ನು ನಾವು ಓದುವುದೇ ಇಲ್ಲ, ಅಲ್ವಾ? ಓದಬೇಕು. ಯಾಕೆಂದರೆ ಕೊನೆಗೆ ಬರುವ ಆದೇಶ ಸಹಿ ಹಾಕದೆ ಮನೆಯಲ್ಲಿ ಕೂತವರಿಗೂ ಅನ್ವಯಿಸುತ್ತದೆ. ನಿಮ್ಮ ಮಾತು ಹೇಳಬೇಕಿದ್ದರೆ ‘ನನ್ನನ್ನೂ ಸೇರಿಸಿಕೊಳ್ಳಿ’ ಅಂತ ಅರ್ಜಿ ಕೊಡಬಹುದು.

ಬೆಂಗಳೂರಿನ ಒಂದು ಪ್ರಕರಣ ಹೇಳುತ್ತೇನೆ. 1134 ಫ್ಲ್ಯಾಟುಗಳ ಸಮುಚ್ಚಯ. 51 ಫ್ಲ್ಯಾಟ್ ಕೊಂಡ 91 ಜನ ಎಲ್ಲರ ಪರವಾಗಿ ದೂರು ಕೊಟ್ಟರು. 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಉಳಿದವರ ಸಮಸ್ಯೆಯೂ ಇದೇ ಅಂತ ದೂರಿನಲ್ಲಿ ಎಲ್ಲಿ ಬರೆದಿದ್ದೀರಿ ಅಂತ ಕೇಳಿತು. ಆದರೆ ಕೇಸು ಬಿದ್ದುಹೋಗಲಿಲ್ಲ. ಆ 91 ಜನರ ಜಂಟಿ ದೂರಾಗಿ ಮುಂದುವರಿಯಲಿ ಅಂದಿತು.

ನನಗೆ ಈ ಜಂಟಿ ದಾರಿಯೇ ಹೆಚ್ಚು ಇಷ್ಟ. ಸೇರುವವರ ಹೆಸರು ಸ್ಪಷ್ಟ. ಇಡೀ ಊರಿನ ಪರವಾಗಿ ಮಾತಾಡುವ ಹೊಣೆ ಇಲ್ಲ.

ಪರಿಹಾರದ ಮಾತಿಗೆ ಬರೋಣ. ಬಿಲ್ಡರ್ ತಪ್ಪು ಎಲ್ಲರಿಗೂ ಒಂದೇ ಇರಬಹುದು, ನಷ್ಟ ಒಂದೇ ಅಲ್ಲ. ಒಬ್ಬರು ಬಾಡಿಗೆ ಮನೆಯಲ್ಲಿದ್ದಾರೆ, ಇನ್ನೊಬ್ಬರು ಸಾಲದ ಕಂತು ಕಟ್ಟುತ್ತಿದ್ದಾರೆ. ಹಾಗಾಗಿ ಪ್ರತಿಯೊಬ್ಬರದ್ದೂ ಬೇರೆ ಫೈಲ್ ಇರಲಿ. ಕರಾರು ಪತ್ರ, ಪಾವತಿ ರಶೀದಿ, ಬ್ಯಾಂಕ್ ಸ್ಟೇಟ್‌ಮೆಂಟ್, ಬಾಡಿಗೆ ಚೀಟಿ, ಬಿಲ್ಡರ್ ಕಳಿಸಿದ ವಾಟ್ಸ್ಯಾಪ್ ಸಂದೇಶ ಕೂಡ. ನಾನು ನೋಡಿದ ಗುಂಪುಗಳಲ್ಲಿ ಘೋಷಣೆ ಕೂಗುವವರು ಬೇಕಾದಷ್ಟು, ಹೀಗೆ ಪಟ್ಟಿ ಮಾಡಿ ಕೂರುವವರು ಒಬ್ಬಿಬ್ಬರು. ದೂರಿಗೆ ಕಾರಣ ಹುಟ್ಟಿದ 2 ವರ್ಷದೊಳಗೆ ದೂರು ಕೊಡಬೇಕು ಅನ್ನುತ್ತದೆ ಕಾಯ್ದೆ. ಸುಮ್ನೆ ಮೀಟಿಂಗ್ ಮಾಡುತ್ತಾ ಕಾಲ ಕಳೆಯಬೇಡಿ.

ಷೇರು ಕೊಂಡವರಿಗೆ ಬೇರೆ ದಾರಿ ಇದೆ. 2009ರಲ್ಲಿ ಸತ್ಯಂ ಅನ್ನುವ ಸಾಫ್ಟ್‌ವೇರ್ ಕಂಪನಿಯ ಸುಳ್ಳು ಲೆಕ್ಕದ ಹಗರಣ ಹೊರಬಿದ್ದಾಗ ಅಮೆರಿಕದ ಹೂಡಿಕೆದಾರರು ಸಾಮೂಹಿಕ ಮೊಕದ್ದಮೆ ಹೂಡಿ, ಕಂಪನಿಯಿಂದ 12.5 ಕೋಟಿ ಡಾಲರ್ ರಾಜಿ ಪಡೆದರು. ನಮ್ಮವರಿಗೆ ಆಗ ಅಂಥ ಕಾನೂನೇ ಇರಲಿಲ್ಲ. 2013ರ ಕಂಪನಿ ಕಾಯ್ದೆಯ 245ನೇ ಸೆಕ್ಷನ್ ಆಮೇಲೆ ಬಂತು. 100 ಷೇರುದಾರರು ಸೇರಿದರೆ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಬಹುದು. ಬ್ಯಾಂಕುಗಳಿಗೆ ಮಾತ್ರ ಅದು ಅನ್ವಯಿಸುವುದಿಲ್ಲ. ಇಷ್ಟು ಬ್ಯಾಂಕುಗಳು ಹುಟ್ಟಿದ ಈ ಜಿಲ್ಲೆಯಲ್ಲಿ ಅದನ್ನು ಹೇಳಲೇಬೇಕು!

ಒಂದು ಪ್ರಶ್ನೆ ಉಳಿಯಿತು. ಮುಂದೆ ನಿಂತವರು ಬಿಲ್ಡರ್ ಜೊತೆ ಗುಟ್ಟಾಗಿ ರಾಜಿಯಾದರೆ? ಎಲ್ಲರ ಪರವಾಗಿ ಹಾಕಿದ ದೂರಿನಲ್ಲಿ ಹಾಗಾಗುವುದಿಲ್ಲ. ಉಳಿದವರಿಗೆಲ್ಲ ನೋಟಿಸ್ ಕೊಡದೆ ರಾಜಿ ಮಾಡಿಕೊಳ್ಳುವಂತಿಲ್ಲ. ಜಂಟಿ ದೂರಿನಲ್ಲಿ ಆ ರಕ್ಷಣೆ ಇಲ್ಲ. ಅಲ್ಲಿ ವಕಾಲತ್ತಿಗೆ, ಅಂದರೆ ವಕೀಲರಿಗೆ ಅಧಿಕಾರ ಕೊಡುವ ಪತ್ರಕ್ಕೆ, ಸಹಿ ಹಾಕುವ ಮುಂಚೆ, ರಾಜಿಗೆ ಯಾರ ಒಪ್ಪಿಗೆ ಬೇಕು ಅಂತ ನಿಮ್ಮೊಳಗೇ ಬರೆದು ಇಟ್ಟುಕೊಳ್ಳಿ.