ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕತ್ತರಿಸಬೇಡಿ

ಹಣದ ಹರಿವು ಬತ್ತತೊಡಗಿದಾಗ ಸಮುದಾಯದ ಸೇವಾ ಸಂಸ್ಥೆಯೊಂದು ಮಾಡುವ ಮೊದಲ ತಪ್ಪು ಯಾವುದು ಗೊತ್ತೇ? ಯಾವುದನ್ನೂ ನಿಲ್ಲಿಸದಿರುವುದು. ಆಡಳಿತ ಮಂಡಳಿ ಸಭೆ ಸೇರುತ್ತದೆ, ಲೆಕ್ಕಪತ್ರ ತಿರುವುತ್ತದೆ, ನಿಟ್ಟುಸಿರು ಬಿಡುತ್ತದೆ. ಕೊನೆಗೆ ಎಲ್ಲ ಕಾರ್ಯಕ್ರಮಗಳಿಗೂ ಸಮಾನ ಕಡಿತ ಎಂದು ಠರಾವು ಮಾಡಿ, ಸಹಿ ಹಾಕಿ ಎದ್ದು ಹೋಗುತ್ತದೆ. ಯಾರ ಮನಸ್ಸೂ ನೋಯಲಿಲ್ಲ, ಯಾರೊಂದಿಗೂ ಜಗಳವಾಗಲಿಲ್ಲ. ಇದನ್ನು ಸಮಾನತೆ ಎನ್ನುತ್ತಾರೆ. ನಾನು ಹೇಡಿತನ ಎನ್ನುತ್ತೇನೆ.

ಯಾಕೆಂದು ಹೇಳುತ್ತೇನೆ. ಖರ್ಚನ್ನು ಐದರಲ್ಲಿ ಒಂದು ಪಾಲು ಇಳಿಸಬೇಕು ಎಂದುಕೊಳ್ಳಿ. ಬಾಡಿಗೆ ಇಳಿಯುವುದಿಲ್ಲ. ವಾಹನದ ವಿಮೆ ಇಳಿಯುವುದಿಲ್ಲ. ಲೆಕ್ಕ ಪರಿಶೋಧಕರ ಶುಲ್ಕವೂ ಅಷ್ಟೇ. ಹಾಗಾಗಿ ಕತ್ತರಿ ಬೀಳುವುದೆಲ್ಲ ಜನರ ಮೇಲೆ: ಆಪ್ತಸಮಾಲೋಚಕರ ದಿನಗಳು, ಮನೆ ಭೇಟಿಗಳು, ದೂರವಾಣಿ ಎತ್ತಿಕೊಳ್ಳುವ ಒಬ್ಬ ಸಿಬ್ಬಂದಿ. ಫಲಕದಲ್ಲಿ ಎಲ್ಲ ಸೇವೆಗಳ ಹೆಸರೂ ಹಾಗೆಯೇ ಉಳಿಯುತ್ತದೆ. ಒಳಗೆ ಹೋಗಿ ವಿಚಾರಿಸಿದರೆ ಮುಂದಿನ ತಿಂಗಳು ಬನ್ನಿ ಎಂಬ ಉತ್ತರ. ಕಾಯುವವರ ಪಟ್ಟಿ ಎಂದರೆ ಹೆಸರು ಬದಲಿಸಿಕೊಂಡ ಕಡಿತವೇ. ವ್ಯತ್ಯಾಸ ಇಷ್ಟೇ: ಇದಕ್ಕೆ ಯಾರೂ ಸಹಿ ಹಾಕಿರುವುದಿಲ್ಲ.

ಇದೆಲ್ಲ ನಡೆಯುವ ಸಮಯವೂ ಕೆಟ್ಟದ್ದು. ದಾನಿಯ ಆದಾಯವನ್ನು ಕುಗ್ಗಿಸಿದ ಆರ್ಥಿಕ ಹಿಂಜರಿತವೇ ಇನ್ನೊಬ್ಬರ ಕೆಲಸವನ್ನು ಕಸಿದಿರುತ್ತದೆ. ಅಂದರೆ ಬರುವ ಹಣ ಇಳಿಯುವ ತಿಂಗಳಲ್ಲೇ ಬಾಗಿಲಿಗೆ ಬರುವವರ ಸಂಖ್ಯೆ ಏರುತ್ತದೆ. ಮಾಮೂಲಿ ಅಂಗಡಿಗೆ ಗಿರಾಕಿ ಹೆಚ್ಚಿದರೆ ಗಲ್ಲಾಪೆಟ್ಟಿಗೆ ತುಂಬುತ್ತದೆ, ಇಲ್ಲಿ ಖಾಲಿಯಾಗುತ್ತದೆ.

ಬ್ರಿಟನ್ನಿನ ಕಿಡ್ಸ್ ಕಂಪನಿ ಎಂಬ ಸಂಸ್ಥೆಯನ್ನು ನೋಡಿ. 1996ರಲ್ಲಿ ಶುರುವಾಗಿ ಸಂಕಷ್ಟದಲ್ಲಿದ್ದ ಮಕ್ಕಳಿಗಾಗಿ ದುಡಿಯುತ್ತಿತ್ತು. ಬಾಗಿಲಿಗೆ ಬಂದ ಮಗುವನ್ನು ವಾಪಸ್ ಕಳುಹಿಸುವುದಿಲ್ಲ ಎಂಬುದು ಅದರ ಪಣ. ಕೇಳಲು ಎಷ್ಟು ಚೆನ್ನಾಗಿದೆ! ಆದರೆ ಬೇಡಿಕೆ ಬೆಳೆದಂತೆ ಖರ್ಚೂ ಬೆಳೆಯಿತು, ಹೇಳಿಕೊಳ್ಳುವಂತಹ ಮೀಸಲು ನಿಧಿ ಮಾತ್ರ ಬೆಳೆಯಲಿಲ್ಲ. 2015ರಲ್ಲಿ ಸರ್ಕಾರದಿಂದ 30 ಲಕ್ಷ ಪೌಂಡ್ ನೆರವು ಬಂದ ಕೆಲವೇ ದಿನಗಳಲ್ಲಿ, ಆಗಸ್ಟ್ 5ರಂದು, ಸಂಸ್ಥೆ ಮುಚ್ಚಿತು. ಅದರ ಧರ್ಮದರ್ಶಿಗಳನ್ನು ಅನರ್ಹಗೊಳಿಸಬೇಕೆಂಬ ಅರ್ಜಿಯನ್ನು ನ್ಯಾಯಾಲಯ 2021ರಲ್ಲಿ ತಳ್ಳಿಹಾಕಿತು ಎಂಬುದನ್ನೂ ಹೇಳಲೇಬೇಕು, ಮುಚ್ಚುವ ಹೊತ್ತಿಗೆ ಎದ್ದಿದ್ದ ಆರೋಪಗಳ ಗದ್ದಲವೂ ಸಂಸ್ಥೆಗೆ ಪೆಟ್ಟು ಕೊಟ್ಟಿತ್ತು. ಆದರೂ ನನ್ನ ತಲೆಯಲ್ಲಿ ಉಳಿದಿರುವುದು ಆ ಪಣ. ಯಾರಿಗೂ ಇಲ್ಲ ಎನ್ನದ ಸಂಸ್ಥೆ ಒಂದು ದಿನ ಎಲ್ಲರಿಗೂ ಒಟ್ಟಿಗೆ ಇಲ್ಲ ಎನ್ನಬೇಕಾಯಿತು.

ಹಾಗಾದರೆ ಏನು ಮಾಡಬೇಕು? ಬೇರೆ ಯಾರೂ ಮಾಡದ, ನಾವು ಮಾತ್ರ ಮಾಡುವ ಕೆಲಸ ಯಾವುದು ಎಂದು ಕೇಳಿಕೊಳ್ಳಬೇಕು. ಅದನ್ನು ಪೂರ್ತಿಯಾಗಿ ಉಳಿಸಿಕೊಳ್ಳಬೇಕು. ಪಕ್ಕದ ಸಂಸ್ಥೆಯೂ ಮಾಡುತ್ತಿರುವ ಕೆಲಸವಿದ್ದರೆ ಕಡತ, ಪುಸ್ತಕ, ಜನರ ಸಮೇತ ಅವರಿಗೆ ಒಪ್ಪಿಸಬೇಕು. ಒಪ್ಪಿಸುವುದು ಎಂದರೆ ಫೋನ್ ನಂಬರ್ ಬರೆದ ಚೀಟಿ ಕೊಡುವುದಲ್ಲ, ನಾವು ಕಳುಹಿಸಿದ ಜನರಿಗೆ ಅಲ್ಲಿ ಸಮಯ ಸಿಕ್ಕಿತೇ ಎಂದು ವಿಚಾರಿಸುವುದು. ಕಟ್ಟಡ ಹಂಚಿಕೊಳ್ಳಬಹುದು, ಎರಡು ಸಂಸ್ಥೆಗಳು ಸೇರಿ ಒಬ್ಬರೇ ಲೆಕ್ಕಿಗರನ್ನು ಇಟ್ಟುಕೊಳ್ಳಬಹುದು. ಭೇಟಿಯ ಬದಲು ಫೋನ್ ಕರೆ ಎಂಬ ಉಳಿತಾಯದ ಬಗ್ಗೆ ಮಾತ್ರ ನನಗೆ ಅನುಮಾನ. ಫೋನಿನಲ್ಲಿ ಕಿವಿ ಕೇಳದ ಅಜ್ಜಿ ಕೈತಪ್ಪುತ್ತಾರೆ, ಗಂಡ ಎದುರಿಗೆ ಕುಳಿತಿರುವಾಗ ಬಾಯಿ ಬಿಡಲಾಗದ ಹೆಣ್ಣುಮಗಳು ಕೈತಪ್ಪುತ್ತಾಳೆ. ಸಂಬಳದವರನ್ನು ತೆಗೆದು ಸ್ವಯಂಸೇವಕರನ್ನು ತರುತ್ತೇವೆ ಎಂಬುದೂ ಅಷ್ಟು ಸಲೀಸಲ್ಲ. ಅವರಿಗೆ ತರಬೇತಿ ಕೊಡುವವರು, ಬಾರದ ದಿನ ಬದಲಿ ಹುಡುಕುವವರು ಯಾರು? ಆ ಒಬ್ಬರನ್ನೇ ನೀವು ಹಿಂದಿನ ವಾರ ಮನೆಗೆ ಕಳುಹಿಸಿರುತ್ತೀರಿ.

ಈಗ ದಾನಿಗಳ ಕಡೆ ತಿರುಗುತ್ತೇನೆ, ಏಕೆಂದರೆ ತಪ್ಪೆಲ್ಲ ಆಡಳಿತ ಮಂಡಳಿಯದೇ ಅಲ್ಲ. ಬ್ಯಾಂಕಿನಲ್ಲಿ ಹಣವಿದ್ದೂ ವಿದ್ಯುತ್ ಬಿಲ್ಲು ಕಟ್ಟಲಾಗದ ಸ್ಥಿತಿ ಇರುತ್ತದೆ ಎಂದರೆ ನಂಬುತ್ತೀರಾ? ಇರುತ್ತದೆ. ಬಂದ ಹಣ ಕಂಪ್ಯೂಟರ್ ಖರೀದಿಗೆ ಮಾತ್ರ ಎಂದು ಷರತ್ತು ಹಾಕಿ ಕೊಟ್ಟದ್ದಾದರೆ ಅದನ್ನು ಬೇರೆಡೆ ಮುಟ್ಟುವಂತಿಲ್ಲ. ನನ್ನ ಒಂದು ರೂಪಾಯಿಯೂ ಆಡಳಿತಕ್ಕೆ ಹೋಗಬಾರದು ಎನ್ನುವ ದಾನಿಗಳು ನಮ್ಮಲ್ಲಿ ಹೆಚ್ಚು. ಭಾರತದಲ್ಲಿ ಕಾನೂನೂ ಅದೇ ದಿಕ್ಕಿನಲ್ಲಿ ನಡೆದಿದೆ: ವಿದೇಶಿ ದೇಣಿಗೆಯಲ್ಲಿ ಆಡಳಿತಕ್ಕೆ ಬಳಸಬಹುದಾದ ಪಾಲಿನ ಮಿತಿ 2020ರ ತಿದ್ದುಪಡಿಯಲ್ಲಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಹಣ ಪೋಲಾಗಬಾರದು, ಒಪ್ಪುತ್ತೇನೆ. ಆದರೆ ಬೀಗ ತೆಗೆಯುವವರ ಸಂಬಳವನ್ನೂ ಪೋಲು ಎಂದರೆ ಬಾಗಿಲು ತೆರೆಯುವುದು ಹೇಗೆ? 2013ರಲ್ಲಿ ಅಮೆರಿಕದ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್ ಮತ್ತು ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್ ದಾನಿಗಳಿಗೆ ಬಹಿರಂಗ ಪತ್ರ ಬರೆದವು. ಆಡಳಿತ ವೆಚ್ಚದ ಶೇಕಡಾವಾರು ಒಂದನ್ನೇ ನೋಡಿ ಸಂಸ್ಥೆಯನ್ನು ಅಳೆಯಬೇಡಿ ಎಂಬುದು ಅವುಗಳ ಮನವಿ. ಸಂಸ್ಥೆಗಳ ವಿವರ ಕಲೆಹಾಕಿ ದಾನಿಗಳ ಮುಂದಿಡುವುದೇ ಕಸುಬಾದವರು ಹೇಳಿದ ಮಾತಿದು. 2020ರಲ್ಲಿ ಕೋವಿಡ್ ಬಂದಾಗ ಅಲ್ಲಿನ ನೂರಾರು ಪ್ರತಿಷ್ಠಾನಗಳು ತಾವು ಕೊಟ್ಟ ಹಣದ ಷರತ್ತುಗಳನ್ನು ಸಡಿಲಿಸುವುದಾಗಿ ಘೋಷಿಸಿದವು. ಮಹಾಮಾರಿಯ ವರ್ಷದಲ್ಲಿ ಸಾಧ್ಯವಾದದ್ದು ಸಾಮಾನ್ಯ ವರ್ಷದಲ್ಲಿ ಯಾಕೆ ಆಗುವುದಿಲ್ಲ ಎಂಬುದಕ್ಕೆ ನನಗೆ ಸರಿಯಾದ ಉತ್ತರ ಇನ್ನೂ ಸಿಕ್ಕಿಲ್ಲ.

ಸಂಸ್ಥೆಗಳಿಗೆ ಇನ್ನೊಂದು ಮಾತು. ಯಾವ ಸೇವೆ ನಿಲ್ಲಬೇಕು ಎಂದು ತೀರ್ಮಾನಿಸುವ ಸಭೆಗೆ ಆ ಸೇವೆ ಪಡೆಯುವವರನ್ನೂ ಕರೆಯಿರಿ. ಮಂಡಳಿಯವರು ಉಳಿಸಿಕೊಳ್ಳಲು ಬಯಸುವುದು ವಾರ್ಷಿಕ ವರದಿಯ ಮುಖಪುಟದಲ್ಲಿ ಚೆನ್ನಾಗಿ ಕಾಣುವ ಕಾರ್ಯಕ್ರಮವನ್ನು. ಬರುವವರಿಗೆ ಬೇಕಾದದ್ದು ಬಹುಪಾಲು ಬೇರೆಯೇ: ಅರ್ಜಿ ತುಂಬಿಕೊಡುವ ಮೇಜು, ಆಸ್ಪತ್ರೆಗೆ ಬಿಡುವ ವಾಹನ, ಸಂಜೆ ಮಕ್ಕಳು ಕುಳಿತು ಓದಲು ಒಂದು ಕೋಣೆ. ಅವರು ಆ ದಿನದ ಕೂಲಿ ಬಿಟ್ಟು ಬರಬೇಕಾಗುತ್ತದೆ, ಅದನ್ನೂ ಬಸ್ಸಿನ ಖರ್ಚನ್ನೂ ಕೊಡಿ. ಯಾವ ಲೆಕ್ಕದಲ್ಲಿ ಎಂದು ಖಜಾಂಚಿ ಕೇಳಿದರೆ, ಆಡಳಿತ ವೆಚ್ಚದಲ್ಲಿ ಎಂದೇ ಬರೆಯಲಿ.