ಕಿವಿಗೆ ಡಬ್ಬಿ, ಡಬ್ಬಿಗೆ ಶಿಳ್ಳೆ

ಸೋಪಿನ ಪೆಟ್ಟಿಗೆ ಅಲ್ಲ ಇದು, ಕೈಯಲ್ಲಿ ಹಿಡಿಯೋ ಹಳೇ ಸೌಂಡ್ ಆಂಪ್ಲಿಫೈಯರ್, ಅಂದ್ರೆ ಕಿವಿ ಮಂದ ಇರೋರಿಗೆ ಸದ್ದು ದೊಡ್ಡದು ಮಾಡಿಕೊಡೋ ಡಬ್ಬಿ. ಮುಂದೆ ಮೈಕು, ಪಕ್ಕದಲ್ಲಿ ವಾಲ್ಯೂಮ್ ಚಕ್ರ, ಮೇಲಿಂದ ಇಯರ್‌ಫೋನ್ ವೈರು. ಅಷ್ಟೇ.

ಈಗ ಕೇಳಿ. ಕುಯ್ಯ್ಯ್! ಈ ಶಿಳ್ಳೆ ನನ್ನ ಅರ್ಧ ಗಂಟೆ ತಿಂದಿದೆ. ಬ್ಯಾಟರಿ ಬದಲಾಯಿಸಿದೆ, ಶಿಳ್ಳೆ. ಹಸಿರುಗಟ್ಟಿದ ಸ್ಪ್ರಿಂಗ್ ಉಜ್ಜಿದೆ, ಇನ್ನೂ ಜೋರು ಶಿಳ್ಳೆ. ವೈರಿಗೂ ಬೈದೆ, ಪಾಪ. ಕೊನೆಗೆ ನೋಡಿದ್ರೆ ಡಬ್ಬಿ ನನ್ನ ಜೇಬಲ್ಲಿ, ಇಯರ್‌ಫೋನ್ ಕುತ್ತಿಗೆಗೆ ನೇತು ಹಾಕಿದೀನಿ, ಸೀದಾ ಮೈಕಿನ ಬಾಯಿಗೆ! ಅಲ್ಲಿಂದ ಸೋರಿದ ಸದ್ದು ಮೈಕಿಗೆ ಹೋಗಿ, ದೊಡ್ಡದಾಗಿ ಮತ್ತೆ ಇಯರ್‌ಫೋನಿಗೆ ಬಂದು, ಗಾಣದೆತ್ತಿನ ಥರ ಸುತ್ತುತಾ ಇತ್ತು. ತಪ್ಪು ಡಬ್ಬಿದಲ್ಲ.

ಕರೆಂಟೇ ಇಲ್ಲದ ಕಾಲ ಇನ್ನೂ ಮಜಾ. ಪೋರ್ಚುಗಲ್ ರಾಜ ಆರನೇ ಜಾನ್‌ಗೆ 1819ರಲ್ಲಿ ಒಂದು ಸಿಂಹಾಸನ ಮಾಡಿದ್ರು. ಕೈಯಿಡೋ ಜಾಗದಲ್ಲಿ ಬಾಯ್ತೆರೆದ ಸಿಂಹ, ಒಳಗೆಲ್ಲ ಟೊಳ್ಳು. ಬಂದವರು ಮಂಡಿಯೂರಿ ಸಿಂಹದ ಬಾಯಿಗೆ ಮಾತಾಡಬೇಕು, ಅದು ಕೊಳವೆಯಲ್ಲಿ ರಾಜನ ಕಿವಿಗೆ. ಕಿವಿ ಕೇಳಿಸದಿರೋದನ್ನೂ ದರ್ಬಾರು ಮಾಡಿದ ಮನುಷ್ಯ!

ಎಲ್ಲಿದ್ದೆ? ಹಾಂ, ಕರೆಂಟು. ಅಮೆರಿಕದ ಮಿಲ್ಲರ್ ರೀಸ್ ಹಚಿಸನ್ 1898ರಲ್ಲಿ ಅಕೌಫೋನ್ ಅನ್ನೋ ಕರೆಂಟಿನ ಶ್ರವಣಯಂತ್ರ ಮಾಡಿದ. ಅದರ ಕಾರ್ಬನ್ ಮೈಕಲ್ಲಿ ಇದ್ದಲಿನ ಕಾಳು. ಸದ್ದು ಒತ್ತಿದಾಗ ಕಾಳು ಹತ್ತಿರ ಬಂದು ಕರೆಂಟ್ ಜಾಸ್ತಿ ಹರಿಯತ್ತೆ. ಕಾಳು ಗಟ್ಟಿಯಾಗಿ ಕೂತ್ರೆ ತಟ್ಟಿ ಸಡಿಲ ಮಾಡಬೇಕು, ಉಪ್ಪಿನ ಡಬ್ಬಿ ತಟ್ಟಿದ ಹಾಗೆ. ಆಮೇಲೆ ವಾಲ್ವು ಬಂತು, ಸದ್ದಿನ ಕರೆಂಟನ್ನ ದೊಡ್ಡದು ಮಾಡೋ ಗಾಜಿನ ಬುರುಡೆ. 1952ರ ಕೊನೆಗೆ ಬಂದ ಸೋನೋಟೋನ್ 1010 ಅನ್ನೋ ಶ್ರವಣಯಂತ್ರದಲ್ಲಿ ಎರಡು ವಾಲ್ವು, ಅದೇ ಕೆಲಸ ಮಾಡೋ ಪುಟಾಣಿ ಟ್ರಾನ್ಸಿಸ್ಟರ್ ಒಂದು, ಬೆಲೆ 229.50 ಡಾಲರ್. ಆ ಕಾಲಕ್ಕೆ, ಯೋಚ್ನೆ ಮಾಡಿ.

ನನ್ನ ಕೈಲಿರೋ ಈ ಡಬ್ಬಿ ಆಟದ ಸಾಮಾನು ಅಂತ ಬೆಳಿಗ್ಗೆ ಹೇಳಿದ್ದೆ. ಆ ಮಾತು ವಾಪಸ್. ಕೋಣೆಯ ಈ ತುದಿಯಿಂದ ಚಕ್ರ ಎಷ್ಟೇ ತಿರುಗಿಸಿದ್ರೂ ಫ್ಯಾನಿನ ಸದ್ದೇ ಮುಂದೆ. ಡಬ್ಬೀನ ಮಾತಾಡೋರ ಬಾಯಿ ಹತ್ತಿರ ಹಿಡಿದೆ, ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಕೇಳಿಸ್ತು. ಬಯಲಲ್ಲಾದ್ರೆ ದೂರ ಎರಡರಷ್ಟಾದಾಗ ಸದ್ದು 6 ಡೆಸಿಬಲ್ (ಸದ್ದಿನ ಅಳತೆ) ಇಳಿಯತ್ತೆ. ಗೋಡೆಗಳ ನಡುವೆ ಅಷ್ಟು ಇಳಿಯಲ್ಲ, ಆದ್ರೆ ಪ್ರತಿಧ್ವನಿ ಕಲಸಿಬಿಡತ್ತೆ. ಕಿವಿಯೊಳಗೆ ಕೂರೋ ಪುಟ್ಟ ಯಂತ್ರದ ಮೈಕು ಕಿವಿಯಲ್ಲೇ ಇರಬೇಕು, ಇದನ್ನ ಮುಂದೆ ಚಾಚಬಹುದು.

ಅಯ್ಯೋ, ಕ್ಯಾಮರಾ ಬ್ಯಾಟರಿ ಕೆಂಪಾಯ್ತು. ಇಯರ್‌ಫೋನ್ ತೆಗೀತೀನಿ, ಮತ್ತೆ ಕುತ್ತಿಗೆಗೆ… ಕುಯ್ಯ್ಯ್!