ಕೂಲೆಂಟ್ ತುಂಬುವ ಮುನ್ನ

ಸಭಿಕರೆಲ್ಲರಿಗೂ ನಮಸ್ಕಾರ.

ಬೇಸಿಗೆಯಲ್ಲಿ ಚಾರ್ಮಾಡಿ ಘಾಟಿಯನ್ನು ಹತ್ತಿದವರಿಗೆ ಈ ನೋಟ ಹೊಸದಲ್ಲ. ಐದು ಜನರನ್ನೂ ಡಿಕ್ಕಿ ತುಂಬ ಲಗೇಜನ್ನೂ ಹೊತ್ತು, ಎ.ಸಿ. ಹಾಕಿಕೊಂಡು, ಎರಡನೇ ಗೇರಿನಲ್ಲಿ ಏರುತ್ತಿದ್ದ ಕಾರೊಂದು ತಿರುವಿನ ಅಂಚಿನಲ್ಲಿ ಬಾನೆಟ್ ಎತ್ತಿಕೊಂಡು ನಿಂತಿರುತ್ತದೆ. ಒಂದು ಕೈಯಲ್ಲಿ ಕುಡಿಯುವ ನೀರಿನ ಬಾಟಲಿ ಹಿಡಿದ ಒಬ್ಬರು, ಇನ್ನೊಂದು ಕೈಯಿಂದ ರೇಡಿಯೇಟರಿನ ಮುಚ್ಚಳದ ಮೇಲೆ ಕರವಸ್ತ್ರ ಹಾಕಿ ತಿರುಗಿಸಲು ಹೊರಟಿರುತ್ತಾರೆ. ಇಂದು ನಾನು ಹೇಳಬೇಕಾದುದರಲ್ಲಿ ಹೆಚ್ಚಿನ ಪಾಲು ಆ ಇನ್ನೊಂದು ಕೈಯನ್ನು ತಡೆಯುವುದಕ್ಕೇ ಸಂಬಂಧಿಸಿದೆ.

ಕುದಿಯುವ ನೀರು ಸುಡುತ್ತದೆಂಬುದು ಎಲ್ಲರಿಗೂ ಗೊತ್ತು. ಆದರೆ ಆ ಮುಚ್ಚಳದ ಕೆಳಗಿನ ದ್ರವ, ಅಂದರೆ ಎಂಜಿನ್ನನ್ನು ತಣಿಸುವ ಕೂಲೆಂಟ್, ಇನ್ನೂ ಕುದಿಯದೆ ಸುಮ್ಮನೆ ಕುಳಿತಿರಬಹುದು, ಅಪಾಯವಿರುವುದೇ ಅಲ್ಲಿ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಕಾರಿನ ಎಂಜಿನ್ ಕೆಲಸ ಮಾಡುವುದು 90 ಡಿಗ್ರಿಯ ಆಸುಪಾಸಿನಲ್ಲಾದ್ದರಿಂದ ತೆರೆದ ವ್ಯವಸ್ಥೆಯಲ್ಲಿ ಅದಕ್ಕೆ ಉಸಿರಾಡಲು ಜಾಗವೇ ಉಳಿಯುವುದಿಲ್ಲ. ಹಾಗಾಗಿ ಮುಚ್ಚಳದಲ್ಲಿ ಸ್ಪ್ರಿಂಗ್ ಇರುವ ವಾಲ್ವ್ ಇಟ್ಟು, ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಸುಮಾರು 1 ಬಾರ್‌ನಷ್ಟು, ಅಂದರೆ ಹೆಚ್ಚುಕಡಿಮೆ ವಾತಾವರಣದ ಒತ್ತಡದಷ್ಟೇ, ಏರಲು ಬಿಡುತ್ತಾರೆ. ಆ ಒತ್ತಡದಲ್ಲಿ ಬರೀ ನೀರಾದರೂ ಕುದಿಯಲು 120 ಡಿಗ್ರಿ ಬೇಕು. ನೀರು ಮತ್ತು ಕೂಲೆಂಟಿನ ಮುಖ್ಯ ರಾಸಾಯನಿಕವಾದ ಗ್ಲೈಕಾಲ್ ಸಮಪ್ರಮಾಣದಲ್ಲಿ ಬೆರೆತಿದ್ದರೆ ಅದಕ್ಕಿಂತಲೂ ಹೆಚ್ಚು ಬೇಕು.

ಈಗ 115 ಡಿಗ್ರಿಯಲ್ಲಿ ಶಾಂತವಾಗಿರುವ ಆ ದ್ರವದ ಮೇಲಿನ ಮುಚ್ಚಳವನ್ನು ತೆಗೆದಿರೆಂದು ಭಾವಿಸಿ. ಒತ್ತಡ ಇಳಿದ ಕ್ಷಣವೇ ಅದರ ಒಂದು ಪಾಲು ಹಬೆಯಾಗುತ್ತದೆ, ಮತ್ತು ನೀರು ಹಬೆಯಾದಾಗ ಸಾವಿರದ ಆರುನೂರು ಪಟ್ಟು ಜಾಗ ಬೇಡುತ್ತದೆ. ಆ ಹಬೆ ಉಳಿದ ದ್ರವವನ್ನೂ ಎತ್ತಿಕೊಂಡು ಮುಖಕ್ಕೆ, ಎದೆಗೆ, ಕೈಗೆ ಎರಚುತ್ತದೆ. ನಮ್ಮ ಅಡುಗೆಮನೆಗಳಲ್ಲಿ ಪ್ರೆಶರ್ ಇಳಿಯದೆ ಕುಕ್ಕರಿನ ಮುಚ್ಚಳಕ್ಕೆ ಕೈ ಹಾಕುವವರಿಲ್ಲ. ಅದೇ ಜನ ಬಾನೆಟ್ಟಿನ ಮುಂದೆ ನಿಂತಾಗ ಆ ವಿವೇಕವನ್ನು ಮರೆಯುವುದು ನನಗೆ ಇಂದಿಗೂ ಸೋಜಿಗ. ಬಹುಶಃ ಕಾರಿಗೆ ಸೀಟಿ ಇಲ್ಲದಿರುವುದೇ ಕಾರಣವಿರಬೇಕು.

ಹಾಗಾದರೆ ಮಾಡಬೇಕಾದುದೇನು? ಟೆಂಪರೇಚರ್ ಮುಳ್ಳು ಮೇಲೇರತೊಡಗಿದಾಗಲೇ ಎ.ಸಿ. ಆರಿಸಿ, ಸೆಕೆಯನ್ನು ಸಹಿಸಿಕೊಂಡು ಹೀಟರನ್ನು ಪೂರ್ತಿ ಹಾಕಿದರೆ ಎಂಜಿನ್ನಿನ ಶಾಖ ಸ್ವಲ್ಪವಾದರೂ ಒಳಗೆ ಬಂದು ಹೋಗುತ್ತದೆ. ಮುಳ್ಳು ಕೆಂಪು ಮುಟ್ಟಿದರೆ ಅಥವಾ ಹಬೆ ಕಂಡರೆ ಸುರಕ್ಷಿತವಾದ ಕಡೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಹಬೆ ಬರುವುದು ನಿಲ್ಲುವವರೆಗೆ ಬಾನೆಟ್ಟನ್ನೂ ಎತ್ತಬೇಡಿ. ಎತ್ತಿದ ಮೇಲೂ ಫ್ಯಾನಿನ ಹತ್ತಿರ ಕೈ ಬೇಡ, ಏಕೆಂದರೆ ವಿದ್ಯುತ್ ಫ್ಯಾನು ಎಂಜಿನ್ ನಿಂತ ಮೇಲೂ ತಾನಾಗಿ ತಿರುಗಬಹುದು. ಆಮೇಲೆ ಕಾಯುವುದು, ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ. ಘಾಟಿಯ ತುದಿಯ ಕೊಟ್ಟಿಗೆಹಾರ ದಾಟಿ ನಿಂತಿದ್ದರೆ ಇದೇನೂ ಶಿಕ್ಷೆಯಲ್ಲ, ನೀರುದೋಸೆ ತಿಂದು ಬರುವಷ್ಟರಲ್ಲಿ ಎಂಜಿನ್ ತಣಿದಿರುತ್ತದೆ. ರೇಡಿಯೇಟರಿನ ಮೇಲ್ಭಾಗದ ದಪ್ಪ ಹೋಸನ್ನು ಮುಟ್ಟಿ ನೋಡಿ: ಬಿಸಿಯಿಲ್ಲದೆ, ಅದುಮಿದರೆ ಮೆತ್ತಗೆ ಒಳಗೆ ಹೋಗುವಂತಿದ್ದರೆ ಮಾತ್ರ ಮುಂದುವರಿಯಬಹುದು. ಆಗಲೂ ದಪ್ಪ ಬಟ್ಟೆ ಹಾಕಿ, ಮುಖವನ್ನು ದೂರವಿಟ್ಟು, ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ, ಬುಸ್ಸೆನ್ನುವ ಸದ್ದು ಅಡಗಿದ ಮೇಲಷ್ಟೇ ಪೂರ್ತಿ ತೆಗೆಯಬೇಕು.

ಮಟ್ಟ ನೋಡುವ ವಿಷಯದಲ್ಲಿ ಒಂದು ಎಚ್ಚರಿಕೆ. ಕೂಲೆಂಟ್ ಟ್ಯಾಂಕಿನ ಮೇಲಿನ ಮಿನ್ ಮತ್ತು ಮ್ಯಾಕ್ಸ್ ಗೆರೆಗಳು ನಿಜ ಹೇಳುವುದು ಎಂಜಿನ್ ತಣ್ಣಗಿದ್ದು, ಗಾಡಿ ಸಮತಟ್ಟಾದ ನೆಲದ ಮೇಲೆ ನಿಂತಿದ್ದಾಗ ಮಾತ್ರ. ಘಾಟಿಯ ಇಳಿಜಾರಿನಲ್ಲಿ ಆ ಗೆರೆಗಳನ್ನು ನಂಬುವಂತಿಲ್ಲ. ಮ್ಯಾಕ್ಸ್ ದಾಟಿಸಿ ತುಂಬುವುದೂ ಸಲ್ಲದು, ಬಿಸಿಯಾದಾಗ ಹಿಗ್ಗುವ ದ್ರವಕ್ಕೆ ಮೇಲೆ ಜಾಗ ಬೇಕು.

ಏನನ್ನು ಸುರಿಯಬೇಕೆಂಬುದರಲ್ಲಿ ನಾವು ಮಾಡುವ ತಪ್ಪು ಹೆಚ್ಚು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಎಂಜಿನ್ನಿನ ಮೇಲ್ಭಾಗವಾದ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಸೊಟ್ಟಗಾಗಬಹುದು, ಬಿರುಕು ಬಿಡಲೂಬಹುದು. ಉಳಿಸಿದ ಅರ್ಧ ಗಂಟೆಗೆ ತಿಂಗಳ ಸಂಬಳವನ್ನೇ ಗ್ಯಾರೇಜಿಗೆ ಕಟ್ಟಬೇಕಾದೀತು. ಕೋಲಾರದ ಕಡೆಯ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವನ್ನು ನೋಡಿದವರಿಗೆ, ಅದೇ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಗ್ಲೈಕಾಲ್ ದ್ರಾವಣವನ್ನು ಬೆರೆಸಲು ಡಿಸ್ಟಿಲ್ಡ್ ವಾಟರನ್ನೇ ಬಳಸಿ. ನಡುದಾರಿಯಲ್ಲಿ ಬೇರೇನೂ ಸಿಗದಿದ್ದರೆ, ಎಂಜಿನ್ ತಣಿದ ಮೇಲೆ ಕುಡಿಯುವ ನೀರನ್ನೇ ಹಾಕಿ ಹತ್ತಿರದ ಗ್ಯಾರೇಜ್ ಮುಟ್ಟಬಹುದು, ಆದರೆ ಹಾಗೆ ಮಾಡಿದ್ದನ್ನು ಮೆಕ್ಯಾನಿಕ್ಕಿಗೆ ಮರೆಯದೆ ಹೇಳಬೇಕು.

ಗಟ್ಟಿ ಕೂಲೆಂಟನ್ನು ನೀರು ಬೆರೆಸದೆ ಹಾಕಿದರೆ ಇನ್ನೂ ಒಳ್ಳೆಯದೆಂಬ ಭಾವನೆಯೂ ಇದೆ. ಅದು ಹಾಗಲ್ಲ. ಶಾಖವನ್ನು ಹೊತ್ತೊಯ್ಯುವುದರಲ್ಲಿ ಗ್ಲೈಕಾಲ್ ನೀರಿಗೆ ಸಮನಲ್ಲ. ಲಡಾಖಿಗೆ ಗಾಡಿ ಓಡಿಸುವವರಿಗೂ ಇದು ಗೊತ್ತಿರಲಿ, ಬರೀ ಎಥಿಲೀನ್ ಗ್ಲೈಕಾಲ್ ಮೈನಸ್ 13 ಡಿಗ್ರಿಯ ಹತ್ತಿರವೇ ಹೆಪ್ಪುಗಟ್ಟಿದರೆ, ಅರ್ಧಕ್ಕರ್ಧ ಮಿಶ್ರಣ ಸುಮಾರು ಮೈನಸ್ 37ರವರೆಗೆ ತಡೆಯುತ್ತದೆ. ಹಸಿರು, ಕೆಂಪು, ನೀಲಿ ಬಣ್ಣಗಳನ್ನು ನೋಡಿ ಆರಿಸುವುದೂ ತಪ್ಪು. ಬಣ್ಣ ತಯಾರಕರ ಇಷ್ಟಕ್ಕೆ ಬಿಟ್ಟದ್ದು. ತುಕ್ಕು ತಡೆಯುವ ರಾಸಾಯನಿಕಗಳು ಒಂದಕ್ಕೊಂದು ಹೊಂದದಿದ್ದರೆ ರಕ್ಷಣೆ ಕುಗ್ಗುತ್ತದೆ, ಕೆಲವೊಮ್ಮೆ ಒಳಗೆ ಲೋಳೆ ಕಟ್ಟುತ್ತದೆ. ಗಾಡಿಯ ಕೈಪಿಡಿಯಲ್ಲಿ ಬರೆದಿರುವ ಬಗೆಯನ್ನೇ ಹಾಕಿ.

ಮುಚ್ಚಿದ ವ್ಯವಸ್ಥೆ ಕೂಲೆಂಟನ್ನು ಕುಡಿಯುವುದಿಲ್ಲ. ಪದೇ ಪದೇ ಮಟ್ಟ ಇಳಿಯುತ್ತಿದ್ದರೆ ಹೋಸ್, ವಾಟರ್ ಪಂಪ್, ಮುಚ್ಚಳದ ರಬ್ಬರ್ ಇವುಗಳಲ್ಲೆಲ್ಲೋ ಸೋರಿಕೆ ಇದೆ. ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಸಿಲಿಂಡರ್ ಹೆಡ್ಡಿನ ಕೆಳಗೆ ಬಿಗಿಯಾಗಿ ಕೂರುವ ಪದರವಾದ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಶಯವಿದೆ. ಅಲ್ಲಿಂದ ಮುಂದೆ ಗಾಡಿ ಓಡಿಸದೆ ಎಳೆಸಿಕೊಂಡು ಹೋಗುವುದೇ ಸರಿ.

ಉಳಿದ ಕೂಲೆಂಟನ್ನು ಖಾಲಿ ನೀರಿನ ಬಾಟಲಿಗೆ ತುಂಬಿಡುವ ಅಭ್ಯಾಸ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ಇಂದೇ ಬಿಡಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವ ವಿಷ, ಮೂತ್ರಪಿಂಡವನ್ನು ಕೆಡಿಸಿ ಜೀವ ತೆಗೆಯುತ್ತದೆ. ಮಕ್ಕಳು ಬಣ್ಣ ನೋಡಿ ಶರಬತ್ತೆಂದುಕೊಳ್ಳುತ್ತಾರೆ, ನಾಯಿಗಳು ನೆಲಕ್ಕೆ ಚೆಲ್ಲಿದ್ದನ್ನೂ ನೆಕ್ಕುತ್ತವೆ. ಚೆಲ್ಲಿದ ಜಾಗವನ್ನು ಆಗಲೇ ಒರೆಸಿ ತೊಳೆಯಿರಿ, ಮಿಕ್ಕದ್ದನ್ನು ಅದರ ಮೂಲ ಡಬ್ಬಿಯಲ್ಲೇ ಬಿಗಿಯಾಗಿ ಮುಚ್ಚಿ ಎತ್ತರದಲ್ಲಿಡಿ.